ವ್ಯಸನಮುಕ್ತಿಯ ಚಿಕಿತ್ಸೆ: ಹತ್ತಿರದ ಆಸ್ಪತ್ರೆ, ಹದವರಿತ ಖರ್ಚು

ಕೆಲವು ವರ್ಷಗಳ ಹಿಂದೆ ನಮಗೆ ಬಹುಕಾಲದ ಪರಿಚಯವುಳ್ಳ ಒಕ್ಕಲುತನದ ಮನೆಯೊಂದರ ಮದುವೆಗೆ ಹೋಗಿದ್ದೆವು. ಮನೆಯ ಹಿರಿಯ ಮಗ ಎಲ್ಲಿಯೂ ಕಾಣಲಿಲ್ಲ. ಕೇಳಿದವರಿಗೆಲ್ಲ ‘ಕೆಲಸದ ಮೇಲೆ ಪರಊರಿಗೆ ಹೋಗಿದ್ದಾನೆ’ ಎಂಬ ಒಂದೇ ಉತ್ತರ ದೊರೆಯುತ್ತಿತ್ತು. ಅವನು ನಾನೂರು ಕಿಲೋಮೀಟರು ದೂರದ ಖಾಸಗಿ ವ್ಯಸನಮುಕ್ತಿ ಕೇಂದ್ರವೊಂದರಲ್ಲಿದ್ದನೆಂಬುದು ನಮಗೆ ತಿಳಿದದ್ದು ಅನಂತರ. ಮೂರು ತಿಂಗಳ ವಾಸದ ಖರ್ಚಿಗೆಂದು ತಂದೆ ಒಂದು ಎಕರೆ ಹೊಲವನ್ನು ಅಡವಿಟ್ಟಿದ್ದರು; ಸೊಸೆಯ ಬಳೆಗಳು ಬ್ಯಾಂಕು ಸೇರಿದ್ದವು. ಮಗ ಮೈತುಂಬಿಕೊಂಡು ಮರಳಿದನು. ಆದರೆ ಮೂರನೆಯ ವಾರದ ಸಂತೆಯ ದಿನ ಮತ್ತೆ ಕುಡಿದು ಬಂದನು. ಹಣವೂ ಹೋಯಿತು, ‘ಇನ್ನು ಇವನಿಗೆ ಔಷಧವೇ ಇಲ್ಲ’ ಎಂಬ ನಿರಾಶೆ ಮನೆಯನ್ನು ಕವಿಯಿತು.

ಈ ಮನೆಯವರ ತಪ್ಪು ಪ್ರೀತಿಯ ಕೊರತೆಯಲ್ಲಿರಲಿಲ್ಲ. ಮರ್ಯಾದೆಗೆ ಅಂಜಿ ದೂರಕ್ಕೆ ಕಳುಹಿಸಿದರು. ಇದ್ದ ಹಣವನ್ನೆಲ್ಲ ಒಂದೇ ಸಲ ಸುರಿದರು. ಮರಳಿ ಬಂದ ಮೇಲಿನ ದಿನಗಳಿಗೆ ಏನನ್ನೂ ಉಳಿಸಿಕೊಳ್ಳಲಿಲ್ಲ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ದೊರೆತಿತ್ತು. ಉಳಿದ ಮನೆಗಳು ಮುಚ್ಚಿದ ಬಾಗಿಲಿನ ಹಿಂದೆ ಬೇಯುತ್ತಿವೆ. ಆದುದರಿಂದ ಚಿಕಿತ್ಸೆಯನ್ನು ಎಲ್ಲಿ ಹುಡುಕಬೇಕು, ಖರ್ಚನ್ನು ಹೇಗೆ ನಿಭಾಯಿಸಬೇಕು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಸಂಕಲ್ಪವೂ ಬೇಕು, ವೈದ್ಯನೂ ಬೇಕು

ಚಿತ್ತರಗಿ–ಇಳಕಲ್ಲ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ಸುತ್ತಿ, ಕಾಳುಕಡಿಯ ಬದಲು ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರವು ವ್ಯಸನಮುಕ್ತ ದಿನವನ್ನಾಗಿ ಘೋಷಿಸಿತು. ಅವರ ಜೋಳಿಗೆ ಎಷ್ಟೋ ಮನೆಗಳಿಗೆ ಬೆಳಕನ್ನು ತಂದಿತು. ಮನಸ್ಸು ಮಾಡದೆ ವ್ಯಸನ ಬಿಡದು ಎಂಬುದು ಸತ್ಯ. ಆದರೆ ಹಲವು ವರ್ಷ ನಿತ್ಯವೂ ಕುಡಿದ ದೇಹಕ್ಕೆ ಸಂಕಲ್ಪವೊಂದೇ ಸಾಲದು.

ಅಂಥವನು ಹಠಾತ್ತನೆ ಕುಡಿತ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ನಿದ್ರಾಹೀನತೆ ಆರಂಭವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಸನ್ನಿ ಹಿಡಿದು ಇಲ್ಲದ್ದನ್ನು ಕಾಣುವ, ಬಡಬಡಿಸುವ ಸ್ಥಿತಿ ಉಂಟಾಗಬಹುದು. ಇದು ಪ್ರಾಣಕ್ಕೂ ಎರವಾಗಬಲ್ಲುದು. ಕೋಣೆಯಲ್ಲಿ ಕೂಡಿಹಾಕಿ ಕುಡಿತ ಬಿಡಿಸುತ್ತೇವೆನ್ನುವ ಬಂಧುಗಳು ಇದನ್ನು ಮರೆಯಬಾರದು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರುಗಳಲ್ಲಿ ನಡೆಸುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳಿಂದ ಅನೇಕರಿಗೆ ಒಳಿತಾಗಿದೆ. ಅಂಥ ಶಿಬಿರಕ್ಕೆ ಸೇರಿಸುವ ಮೊದಲೂ ಒಮ್ಮೆ ವೈದ್ಯರಿಗೆ ತೋರಿಸುವುದು ವಿವೇಕ.

ಮನೆಯವರು ಮಾಡುವ ಮತ್ತೊಂದು ತಪ್ಪನ್ನೂ ಹೇಳಲೇಬೇಕು. ‘ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಿ’ ಎಂಬ ಜಾಹೀರಾತನ್ನು ನಂಬಿ ಸಾರಿನಲ್ಲಿ, ಚಹದಲ್ಲಿ ಗುಳಿಗೆ ಬೆರೆಸುವವರಿದ್ದಾರೆ. ಡೈಸಲ್ಫಿರಾಂ ಎಂಬ ಗುಳಿಗೆ ಹೊಟ್ಟೆಯಲ್ಲಿರುವಾಗ ಮದ್ಯ ಸೇರಿದರೆ ವಾಂತಿ, ಎದೆಬಡಿತ, ರಕ್ತದೊತ್ತಡದ ಕುಸಿತ ಉಂಟಾಗಿ ಜೀವಕ್ಕೇ ಅಪಾಯವಾಗಬಹುದು. ರೋಗಿಗೆ ತಿಳಿಸಿ, ಅವನ ಒಪ್ಪಿಗೆಯಿಂದ, ವೈದ್ಯರ ನಿಗಾದಲ್ಲಿ ಮಾತ್ರ ಕೊಡಬೇಕಾದ ಔಷಧವದು.

ಎಲ್ಲಿ ವಿಚಾರಿಸಬೇಕು?

ಮೊದಲು ಜಿಲ್ಲಾ ಆಸ್ಪತ್ರೆಯ ಇಲ್ಲವೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಮನೋವೈದ್ಯ ವಿಭಾಗಕ್ಕೆ ಹೋಗಿರಿ. ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವನ್ನು ಮಾದರಿಯಾಗಿಟ್ಟುಕೊಂಡು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು 1996ರಲ್ಲಿ ದೇಶದಲ್ಲಿ ಆರಂಭವಾಯಿತು. ತಜ್ಞ ವೈದ್ಯರು ರೋಗಿಯ ಊರಿನ ಹತ್ತಿರವೇ ದೊರೆಯಬೇಕೆಂಬುದು ಅದರ ಉದ್ದೇಶ. ಕಾಯಿಲೆ ಜಟಿಲವಾಗಿದ್ದರೆ ಅಲ್ಲಿಂದ ಪತ್ರ ಪಡೆದು ಧಾರವಾಡದ ಡಿಮ್ಹಾನ್ಸ್‌ಗಾಗಲಿ ಬೆಂಗಳೂರಿನ ನಿಮ್ಹಾನ್ಸ್‌ಗಾಗಲಿ ಹೋಗಬಹುದು. ಯಾರನ್ನು ಕೇಳಬೇಕೆಂದು ತೋಚದವರು ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಇಲ್ಲವೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446ಕ್ಕೆ ಕರೆಮಾಡಬಹುದು, ಕರೆಗೆ ಶುಲ್ಕವಿಲ್ಲ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ ಅನುದಾನದಿಂದ ಸ್ವಯಂಸೇವಾ ಸಂಸ್ಥೆಗಳು ನಡೆಸುವ ಕೇಂದ್ರಗಳು ಸಮೀಪದಲ್ಲಿವೆಯೇ ಎಂಬುದನ್ನೂ ವಿಚಾರಿಸಿರಿ.

ಖಾಸಗಿ ಕೇಂದ್ರಕ್ಕೇ ಸೇರಿಸುವುದಾದರೆ, ಹಣ ಕಟ್ಟುವ ಮುನ್ನ ಕಣ್ಣಾರೆ ನೋಡಿ ಬನ್ನಿರಿ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರವನ್ನು ಕೇಳಿರಿ. ಮನೋವೈದ್ಯರು ಯಾವ ದಿನ ಬರುತ್ತಾರೆ, ರಾತ್ರಿ ಫಿಟ್ಸ್ ಬಂದರೆ ಏನು ವ್ಯವಸ್ಥೆ, ಮನೆಯವರು ಭೇಟಿಯಾಗಬಹುದೇ, ನಡುವೆ ಬಿಡಿಸಿಕೊಂಡರೆ ಉಳಿದ ಹಣ ಮರಳುವುದೇ ಎಂಬುದನ್ನು ಕೇಳಿ, ಖರ್ಚಿನ ವಿವರವನ್ನು ಬರವಣಿಗೆಯಲ್ಲಿ ಪಡೆಯಿರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ರೋಗಿಯನ್ನು ಸರಪಳಿಯಿಂದ ಬಿಗಿಯುವುದನ್ನು ನಿಷೇಧಿಸಿದೆ. ‘ನೋಡಲು ಬರಬೇಡಿ, ನಾವು ದಾರಿಗೆ ತರುತ್ತೇವೆ’ ಎನ್ನುವ ಸ್ಥಳಕ್ಕೆ ಮನೆಯ ಮಗನನ್ನು ಒಪ್ಪಿಸಬೇಡಿರಿ.

ಹಣದ ಮಾತು

ಬಿಪಿಎಲ್ ಕುಟುಂಬದವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಕಾರ್ಡು ಹಾಗೂ ಪಡಿತರ ಚೀಟಿಯೊಡನೆ ಹೋಗಿ, ಈ ಚಿಕಿತ್ಸೆಗೆ ಆ ಆಸ್ಪತ್ರೆಯಲ್ಲಿ ಎಷ್ಟು ನೆರವು ದೊರೆಯುತ್ತದೆಂಬುದನ್ನು ಅಲ್ಲಿಯ ಆರೋಗ್ಯಮಿತ್ರರಿಂದ ದಾಖಲಾಗುವ ಮೊದಲೇ ತಿಳಿದುಕೊಳ್ಳಬೇಕು. ಆರೋಗ್ಯ ವಿಮೆಯುಳ್ಳವರು ಇನ್ನಷ್ಟು ಎಚ್ಚರದಿಂದಿರಬೇಕು. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಇರಬೇಕೆಂದು ಮೇಲಿನ ಕಾಯ್ದೆ ಹೇಳುತ್ತದೆ; ಆದರೂ ಅನೇಕ ಪಾಲಿಸಿಗಳ ಹೊರತುಪಡಿಸಿದ ಪಟ್ಟಿಯಲ್ಲಿ ಮದ್ಯವ್ಯಸನದ ಚಿಕಿತ್ಸೆ ಸೇರಿರುತ್ತದೆ. ಏಜೆಂಟರ ಬಾಯಿಮಾತನ್ನು ನಂಬದೆ ಕಂಪನಿಯಿಂದ ಲಿಖಿತ ಉತ್ತರ ಪಡೆಯಿರಿ. ಅನ್ಯಾಯವಾಯಿತೆನಿಸಿದರೆ ವಿಮಾ ಓಂಬುಡ್ಸ್‌ಮನ್‌ರಿಗೆ ದೂರು ಕೊಡಬಹುದು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ದೇಹದಿಂದ ಮದ್ಯದ ಪ್ರಭಾವ ಇಳಿಯಲು ಸಾಮಾನ್ಯವಾಗಿ ವಾರ, ಹತ್ತು ದಿನ ಸಾಕು. ಮನಸ್ಸಿನ ಸೆಳೆತ ಇಳಿಯಲು ತಿಂಗಳುಗಳೇ ಬೇಕು. ಆದಕಾರಣ ಹಣವನ್ನು ಒಂದು ತಿಂಗಳಿಗೆ ಅಲ್ಲ, ಒಂದು ವರ್ಷಕ್ಕೆ ಹಂಚಿಕೊಳ್ಳಬೇಕು. ಮರುತಪಾಸಣೆಯ ಬಸ್ಸಿನ ಖರ್ಚು, ಔಷಧ, ಆಪ್ತಸಮಾಲೋಚನೆ, ಆ ದಿನದ ಕೂಲಿಯ ನಷ್ಟ ಇವೆಲ್ಲ ಚಿಕಿತ್ಸೆಯ ಖರ್ಚೇ. ಆಸ್ಪತ್ರೆ ಹತ್ತಿರವಿದ್ದರೆ ಇವು ಕೈಗೆಟುಕುತ್ತವೆ. ದೂರವಿದ್ದರೆ ಎರಡನೆಯ ತಿಂಗಳಿಗೇ ನಿಂತುಹೋಗುತ್ತವೆ. 1935ರಲ್ಲಿ ಅಮೆರಿಕದಲ್ಲಿ ಆರಂಭವಾದ ಆಲ್ಕೋಹಾಲಿಕ್ಸ್ ಅನಾನಿಮಸ್ ಬಳಗದ ಸಭೆಗಳು ನಮ್ಮ ರಾಜ್ಯದಲ್ಲಿಯೂ ನಡೆಯುತ್ತವೆ, ಅವಕ್ಕೆ ಶುಲ್ಕವಿಲ್ಲ. ಒಮ್ಮೆ ಬಿಟ್ಟವನು ಮತ್ತೆ ಎಡವಿದರೆ ಅದನ್ನು ಚಿಕಿತ್ಸೆಯ ಸೋಲೆಂದು ತಿಳಿಯದೆ, ಮರುದಿನವೇ ವೈದ್ಯರ ಬಳಿಗೆ ಕರೆದೊಯ್ಯಬೇಕು.

ನಾವು ಮೊದಲು ಹೇಳಿದ ಮನೆಯ ಸೊಸೆ ಹಾಗೆಯೇ ಮಾಡಿದಳು. ‘ಮಾವನವರೇ, ಇನ್ನು ಮುಚ್ಚಿಡುವುದು ಬೇಡ, ನಾನೇ ಕರೆದುಕೊಂಡು ಹೋಗುತ್ತೇನೆ’ ಎಂದು ಹೇಳಿ, ಗಂಡನನ್ನು ಮೂವತ್ತು ಕಿಲೋಮೀಟರು ದೂರದ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದಳು. ಹತ್ತು ದಿನ ವಾರ್ಡಿನಲ್ಲಿಟ್ಟುಕೊಂಡರು. ಆಮೇಲೆ ಮೊದಲು ವಾರಕ್ಕೊಮ್ಮೆ, ಅನಂತರ ತಿಂಗಳಿಗೊಮ್ಮೆ ಇಬ್ಬರೂ ಬೆಳಗಿನ ಬಸ್ಸು ಹಿಡಿದರು. ನಡುವೆ ಒಮ್ಮೆ ಎಡವಿದ್ದೂ ಉಂಟು. ಈಗ ಅವನು ಕುಡಿಯದೆ ಹದಿನಾಲ್ಕು ತಿಂಗಳಾಗಿವೆ. ಅಡವಿಟ್ಟ ಹೊಲ ಇನ್ನೂ ಬಿಡುಗಡೆಯಾಗಿಲ್ಲ. ಆದರೆ ಆ ಹೊಲವನ್ನು ಬಿಡಿಸಿಕೊಳ್ಳಲು ದುಡಿಯುತ್ತಿರುವವನು ಅವನೇ.

ಇಂಥ ಮನೆಗಳಿಗೆ ಸಮಾಜ ಮಾಡಬಹುದಾದ ಉಪಕಾರ ದೊಡ್ಡದೇನಲ್ಲ. ಆಸ್ಪತ್ರೆಗೆ ಜೊತೆಯಾಗಿ ಹೋಗುವುದು, ಬಸ್ಸಿನ ಖರ್ಚಿಗೆ ಕೈನೀಡುವುದು, ಮದುವೆ ಮುಂಜಿಗಳಲ್ಲಿ ‘ಒಂದು ಗುಟುಕು ಏನೂ ಆಗದು’ ಎಂದು ಒತ್ತಾಯಿಸದಿರುವುದು, ಬಿಟ್ಟವನನ್ನು ಆಡಿಕೊಳ್ಳದಿರುವುದು ಇವಿಷ್ಟೇ. ದಾಸೋಹವೆಂದರೆ ಪಂಕ್ತಿಯಲ್ಲಿ ಅನ್ನ ಬಡಿಸುವುದಷ್ಟೇ ಅಲ್ಲವಲ್ಲ. ನಮ್ಮ ಓಣಿಯಲ್ಲಿಯೇ ಅಂಥದೊಂದು ಮುಚ್ಚಿದ ಬಾಗಿಲಿದ್ದರೆ, ಈ ವಾರ ಅದನ್ನು ಮೆಲ್ಲಗೆ ತಟ್ಟೋಣ.