ಆರು ಮಂದಿ ನಿರ್ದೇಶಕರು, ಎರಡೇ ಹೆಸರು

2009ರ ಆಸ್ಕರ್ ಅನಿಮೇಷನ್ ಕಿರುಚಿತ್ರ ವಿಭಾಗದ ನಾಮನಿರ್ದೇಶನ ಪಟ್ಟಿಯಲ್ಲಿ ‘ಆಕ್ಟಾಪೋಡಿ’ ಎಂಬ ಫ್ರೆಂಚ್ ಚಿತ್ರವೊಂದಿತ್ತು. ಸುಮಾರು ಎರಡೂವರೆ ನಿಮಿಷದ ಚಿತ್ರ. ಗ್ರೀಸ್‌ನ ದ್ವೀಪವೊಂದರ ಅಂಗಡಿಯ ನೀರಿನ ತೊಟ್ಟಿಯಲ್ಲಿ ಎರಡು ಆಕ್ಟೋಪಸ್‌ಗಳು ಒಂದನ್ನೊಂದು ತಬ್ಬಿಕೊಂಡು ಸುಖವಾಗಿರುತ್ತವೆ. ಅಷ್ಟರಲ್ಲಿ ಒಂದನ್ನು ಯಾರೋ ಎತ್ತಿಕೊಂಡು ಹೋಗುತ್ತಾರೆ. ಇನ್ನೊಂದು ತೊಟ್ಟಿಯಿಂದ ಹಾರಿ, ಸುಣ್ಣ ಬಳಿದ ಮನೆಗಳ ನಡುವಿನ ಇಳಿಜಾರು ಬೀದಿಗಳಲ್ಲಿ ವ್ಯಾನಿನ ಬೆನ್ನು ಹತ್ತುತ್ತದೆ. ಅಷ್ಟೇ ಕತೆ. ಮಾಡಿದವರು ಪ್ಯಾರಿಸ್‌ನ ಗೋಬ್ಲಾಂ ಶಾಲೆಯ ವಿದ್ಯಾರ್ಥಿಗಳು, ಆರು ಮಂದಿ. ಚಿತ್ರದಲ್ಲಿ ಆರೂ ಜನರಿಗೆ ನಿರ್ದೇಶಕ ಎಂದೇ ಹೆಸರು. ಆದರೆ ಆಸ್ಕರ್ ಪಟ್ಟಿಯಲ್ಲಿ ಇದ್ದದ್ದು ಇಬ್ಬರದು ಮಾತ್ರ: ಎಮುದ್ ಮೊಖ್ಬೇರಿ, ತಿಯೆರಿ ಮಾರ್ಷಾಂ. 2018ರಲ್ಲಿ ಇನ್ನೊಂದು ಫ್ರೆಂಚ್ ಶಾಲೆಯ ‘ಗಾರ್ಡನ್ ಪಾರ್ಟಿ’ ನಾಮನಿರ್ದೇಶನಗೊಂಡಾಗಲೂ ಇದೇ ಆಯಿತು. ಅಲ್ಲೂ ಆರು ಜನ, ಅಲ್ಲೂ ಎರಡು ಹೆಸರು.

ಉಳಿದ ನಾಲ್ವರು ಏನು ಮಾಡಿದ್ದರು ಎಂಬ ಪ್ರಶ್ನೆ ಬಾಲಿಶವಲ್ಲ. ಅನಿಮೇಷನ್‌ನಲ್ಲಿ ಯಾರು ಏನು ಮಾಡಿದರು, ಯಾರ ಹೆಸರು ಎಲ್ಲಿ ಬರಬೇಕು ಎಂಬ ಜಗಳಕ್ಕೆ ನೂರು ವರ್ಷ ದಾಟಿದೆ. ವಿದ್ಯಾರ್ಥಿ ಚಿತ್ರಗಳೊಳಗೆ ಅದು ಬಂದದ್ದು ತಡವಾಗಿ, ಅದೂ ಹಿಂಬಾಗಿಲಿನಿಂದ.

ಅನಿಮೇಷನ್‌ನ ಮೊದಮೊದಲ ಸಹಾಯಕರಲ್ಲಿ ಒಬ್ಬ ವಿದ್ಯಾರ್ಥಿ ಎಂಬುದು ಸ್ವಾರಸ್ಯದ ಸಂಗತಿ. ಅಮೆರಿಕದ ಪತ್ರಿಕಾ ಚಿತ್ರಕಾರ ವಿನ್ಸರ್ ಮೆಕೇ 1914ರಲ್ಲಿ ‘ಗರ್ಟಿ ದ ಡೈನೋಸಾರ್’ ತಯಾರಿಸಿದಾಗ ಪಾರದರ್ಶಕ ಸೆಲ್ ಹಾಳೆಗಳು ಇನ್ನೂ ಬಳಕೆಗೆ ಬಂದಿರಲಿಲ್ಲ. ತೆಳುವಾದ ಅಕ್ಕಿ ಕಾಗದದ ಮೇಲೆ ಗರ್ಟಿ ಕಾಲೆತ್ತುವುದನ್ನು ಬರೆದರೆ ಸಾಲದು, ಹಿಂದಿನ ಬಂಡೆ, ಕೆರೆ, ಮರಗಳನ್ನೂ ಅದೇ ಹಾಳೆಯಲ್ಲಿ ಬರೆಯಬೇಕು. ಮುಂದಿನ ಹಾಳೆಯಲ್ಲಿ ಮತ್ತೆ ಅದೇ ಬಂಡೆ, ಅದೇ ಕೆರೆ. ಇಂಥ ಸಾವಿರಾರು ಹಾಳೆಗಳು. ಮೆಕೇ ಗರ್ಟಿಯನ್ನು ತಾನೇ ಬರೆದ. ಬಂಡೆ, ಕೆರೆಗಳನ್ನು ನಕಲು ತೆಗೆಯುವ ಕೆಲಸವನ್ನು ಪಕ್ಕದ ಮನೆಯ ಕಲಾ ವಿದ್ಯಾರ್ಥಿ ಜಾನ್ ಫಿಟ್ಜ್‌ಸಿಮನ್ಸ್‌ಗೆ ವಹಿಸಿದ. ಹಾಳೆಗಳು ಅಲುಗಾಡದಂತೆ ಮೂಲೆಗಳಲ್ಲಿ ಅಡ್ಡಗೆರೆ ಗುರುತು ಹಾಕಿಕೊಂಡು ಆ ಹುಡುಗ ಒಂದೇ ಗುಡ್ಡವನ್ನು ತಿಂಗಳುಗಟ್ಟಲೆ ತಿದ್ದಿದ. ಇಂದಿನ ಭಾಷೆಯಲ್ಲಿ ಅವನೇ ಆ ಚಿತ್ರದ ಹಿನ್ನೆಲೆ ವಿಭಾಗ.

ಮೆಕೇ ಇನ್ನೊಂದು ಉಪಾಯವನ್ನೂ ಕಂಡುಕೊಂಡಿದ್ದ. ಚಲನೆಯನ್ನು ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಬರೆಯುವ ಬದಲು, ಮುಖ್ಯ ಭಂಗಿಗಳನ್ನು ಮೊದಲು ಬರೆದು ನಡುವಿನವನ್ನು ಆಮೇಲೆ ತುಂಬುತ್ತಿದ್ದ. ಎರಡನ್ನೂ ಅವನೇ ಮಾಡುತ್ತಿದ್ದುದರಿಂದ ಅವನಿಗೆ ಅದು ಬರೀ ಅನುಕೂಲ. ಆದರೆ ಕೆಲಸ ಹಾಗೆ ಎರಡು ತುಂಡಾದ ಮೇಲೆ ಎರಡನೆಯದನ್ನು ಕಡಿಮೆ ಸಂಬಳದವರಿಗೆ ಕೊಡಬಹುದಲ್ಲ! ಅದನ್ನು ಕಂಡುಕೊಂಡವನು ಜಾನ್ ಬ್ರೇ. ಈತ ಪತ್ರಕರ್ತನ ಸೋಗಿನಲ್ಲಿ ಬಂದು ಮೆಕೇಯ ವಿಧಾನಗಳನ್ನು ನೋಡಿಕೊಂಡು ಹೋಗಿ ಪೇಟೆಂಟ್ ಪಡೆದ, ಕಡೆಗೆ ಮೆಕೇ ಮೇಲೆಯೇ ದಾವೆ ಹೂಡಿ ಸೋತ ಎಂದು ಅನಿಮೇಷನ್ ಚರಿತ್ರೆಕಾರರು ಬರೆಯುತ್ತಾರೆ. ಗೆದ್ದದ್ದು ಮೆಕೇ, ಉಳಿದದ್ದು ಬ್ರೇಯ ದಾರಿ.

ಡಿಸ್ನಿ ಸ್ಟುಡಿಯೊ ಆ ದಾರಿಯನ್ನು ಹೆದ್ದಾರಿ ಮಾಡಿತು. 1937ರ ‘ಸ್ನೋ ವೈಟ್’ ಹೊತ್ತಿಗೆ ಕತೆಗೊಂದು ವಿಭಾಗ, ಲೇಔಟ್‌ಗೊಂದು, ಮುಖ್ಯ ಭಂಗಿಗೊಬ್ಬ, ಅವನ ಗೆರೆ ಶುದ್ಧ ಮಾಡಲು ಇನ್ನೊಬ್ಬ, ನಡುವಿನ ಚಿತ್ರಕ್ಕೆ ಮತ್ತೊಬ್ಬ. ಗೆರೆಗಳನ್ನು ಸೆಲ್ ಮೇಲೆ ಇಳಿಸಿ ಬಣ್ಣ ತುಂಬುತ್ತಿದ್ದ ಹೆಣ್ಣುಮಕ್ಕಳ ಹೆಸರು ತೆರೆಯ ಮೇಲೆ ಬರಲೇ ಇಲ್ಲ. 1941ರಲ್ಲಿ ಸ್ಟುಡಿಯೊದಲ್ಲಿ ಮುಷ್ಕರವಾಯಿತು. ಸಂಬಳ, ಸಂಘದ ಹಕ್ಕುಗಳ ಜೊತೆಗೆ ತೆರೆಯ ಮೇಲೆ ಹೆಸರು ಹಾಕುವ ವಿಷಯವೂ ಅಸಮಾಧಾನದ ಪಟ್ಟಿಯಲ್ಲಿತ್ತು.

ಇಷ್ಟೆಲ್ಲ ಆದರೂ ಕಲಾ ಶಾಲೆಯಲ್ಲಿ ಮಾತ್ರ ಒಬ್ಬ ವಿದ್ಯಾರ್ಥಿ, ಒಂದು ಮೇಜು, ಒಂದು ಚಿತ್ರ. ಚಿತ್ರಕಲೆಯ ಪರೀಕ್ಷೆಯಲ್ಲಿ ಪಕ್ಕದವನು ಬಣ್ಣ ಹಚ್ಚಿಕೊಟ್ಟರೆ ನಕಲು ಎನ್ನುತ್ತಾರೆ. ಆ ಸಂಸ್ಕಾರದಲ್ಲೇ ಅನಿಮೇಷನ್ ಕೋರ್ಸ್‌ಗಳೂ ಬೆಳೆದವು. ಕಾಕತಾಳೀಯವೆಂಬಂತೆ 1975ರಲ್ಲೇ ಎರಡು ದೊಡ್ಡ ಕೋರ್ಸ್‌ಗಳು ಶುರುವಾದವು, ಎರಡರ ಹಿಂದೆಯೂ ಉದ್ಯಮದ ಗರಜು ಇತ್ತು. ಕ್ಯಾಲಿಫೋರ್ನಿಯಾದ ಕ್ಯಾಲ್‌ಆರ್ಟ್ಸ್‌ನಲ್ಲಿ ಡಿಸ್ನಿ ತನ್ನ ವಯಸ್ಸಾದ ಅನಿಮೇಟರ್‌ಗಳ ಜಾಗಕ್ಕೆ ಹೊಸಬರನ್ನು ತಯಾರು ಮಾಡಲು ಹೊರಟಿತ್ತು. ಪ್ಯಾರಿಸ್‌ನಲ್ಲಿ ‘ಆಸ್ಟರಿಕ್ಸ್’ ಕಾಮಿಕ್ಸ್‌ನ ಜನಕರಾದ ಗೊಸಿನಿ ಮತ್ತು ಉದೆರ್ಜೊ ತಮ್ಮದೇ ಸ್ಟುಡಿಯೊ ತೆರೆದು, ಕೆಲಸ ಬಲ್ಲ ಕೈಗಳಿಲ್ಲದೆ ಪರದಾಡುತ್ತಿದ್ದರು. ಆ ಕೊರತೆ ತುಂಬಲು ಗೋಬ್ಲಾಂನಲ್ಲಿ ತರಗತಿ ಆರಂಭವಾಯಿತು.

ಕ್ಯಾಲ್‌ಆರ್ಟ್ಸ್ ಒಂಟಿ ಮೇಜನ್ನು ಬಿಡಲಿಲ್ಲ. ಅಲ್ಲಿನ ವಿದ್ಯಾರ್ಥಿ ಜಾನ್ ಲ್ಯಾಸೆಟರ್ 1979ರಲ್ಲಿ ‘ಲೇಡಿ ಆ್ಯಂಡ್ ದ ಲ್ಯಾಂಪ್’ ಮಾಡಿದ್ದು ಹಾಗೆಯೇ, ಟಿಮ್ ಬರ್ಟನ್ ತನ್ನ ವಿದ್ಯಾರ್ಥಿ ಚಿತ್ರ ಮಾಡಿದ್ದೂ ಹಾಗೆಯೇ. ಗೋಬ್ಲಾಂ ಮಾತ್ರ ತಂಡದ ಹಾದಿ ಹಿಡಿಯಿತು. ಆನ್ಸಿ ಅನಿಮೇಷನ್ ಉತ್ಸವದಲ್ಲಿ ದಿನಕ್ಕೊಂದರಂತೆ ತೋರಿಸುವ ಪುಟ್ಟ ಆರಂಭ ಚಿತ್ರಗಳನ್ನು ಅಲ್ಲಿನ ವಿದ್ಯಾರ್ಥಿಗಳು ಗುಂಪು ಕಟ್ಟಿಕೊಂಡು ಮಾಡುತ್ತಾರೆ. ಗುಂಪಿನಲ್ಲಿ ಎಲ್ಲರೂ ನಿರ್ದೇಶಕರು. ಇದು ನನಗೆ ಚಂದವಾಗಿಯೂ ಸ್ವಲ್ಪ ನಾಟಕೀಯವಾಗಿಯೂ ಕಾಣುತ್ತದೆ. ಆರು ಜನ ಸೇರಿ ಒಂದು ಆಕ್ಟೋಪಸ್ ಮಾಡಲು ಹೊರಟರೆ ಅದಕ್ಕೆ ರಿಗ್ ಮಾಡಲು ಯಾರೋ ಒಬ್ಬರು ಕೂರಲೇಬೇಕು.

ರಿಗ್ ಎಂದರೆ ಬೊಂಬೆಯ ಒಳಗಿನ ಸೂತ್ರ. ಕಂಪ್ಯೂಟರಿನಲ್ಲಿ ರೂಪಿಸಿದ ದೇಹಕ್ಕೆ ಎಲ್ಲಿ ಮಡಿಕೆ, ಎಲ್ಲಿ ಎಳೆತ, ಯಾವ ಗುಂಡಿ ಎಳೆದರೆ ಯಾವುದು ಅಲುಗಬೇಕು ಎಂದು ನಿರ್ಧರಿಸುವವನು ರಿಗ್ಗರ್. ಮನುಷ್ಯನ ಕೈಯಾದರೆ ಮೊಣಕೈ, ಮಣಿಕಟ್ಟು ಎಂದು ಕೀಲುಗಳಿವೆ. ಆಕ್ಟೋಪಸ್‌ಗೆ ಮೂಳೆಯೇ ಇಲ್ಲ, ಎಂಟು ತೋಳು, ಎರಡು ಪಾತ್ರವೆಂದರೆ ಹದಿನಾರು. ತೋಳು ಚಾಟಿಯಂತೆ ಬಳುಕಬೇಕು, ರಬ್ಬರಿನಂತೆ ಉದ್ದವಾಗಬೇಕು, ಬುಡದಲ್ಲಿ ಚರ್ಮ ಹಿಂಡಿಕೊಳ್ಳಬಾರದು. ಶಾಟ್ ಅರ್ಧ ಮುಗಿದ ಮೇಲೆ ಬುಡ ಹಿಂಡಿಕೊಂಡಿತೆಂದು ಅನಿಮೇಟರ್ ಕೂಗಿಕೊಂಡರೆ ರಿಗ್ ತಿದ್ದಬೇಕು, ತಿದ್ದಿದರೆ ಈಗಾಗಲೇ ಒಪ್ಪಿಗೆಯಾದ ಶಾಟ್‌ಗಳು ಕೆಡಬಹುದು. ಲೈಟಿಂಗ್ ಮಾಡುವವರು ಆ ಶಾಟ್‌ಗೇ ಕಾದು ಕುಳಿತಿರುತ್ತಾರೆ, ಅವರ ಹಿಂದೆ ಪದರಗಳನ್ನು ಜೋಡಿಸಿ ಚಿತ್ರ ಪೂರ್ತಿ ಮಾಡುವ ಕಾಂಪೋಸಿಟಿಂಗ್‌ನವರು. ಇಷ್ಟಾಗಿಯೂ ರಿಗ್ ಚೆನ್ನಾಗಿದ್ದರೆ ಪ್ರೇಕ್ಷಕನಿಗೆ ಅದು ಕಾಣುವುದೇ ಇಲ್ಲ. ಕೆಟ್ಟರೆ ಮಾತ್ರ ಕಾಣುತ್ತದೆ.

ಸಂಕಲನಕಾರನ ಪಾಡೂ ಇಲ್ಲಿ ಬೇರೆ. ಮಾಮೂಲಿ ಸಿನಿಮಾದಲ್ಲಿ ಚಿತ್ರೀಕರಣ ಮುಗಿದ ಮೇಲೆ ಅವನ ಸರದಿ. ಅನಿಮೇಷನ್‌ನಲ್ಲಿ ಸ್ಟೋರಿಬೋರ್ಡಿನ ಚಿತ್ರಗಳನ್ನು ಜೋಡಿಸಿ ಅನಿಮ್ಯಾಟಿಕ್ ಮಾಡುವಾಗಲೇ ಅವನು ಬೇಕು. ಮೂರು ಸೆಕೆಂಡಿನ ಶಾಟ್ ಬೇಡವೆಂದು ಅಲ್ಲೇ ಕತ್ತರಿಸಿದರೆ ಯಾರೋ ಒಬ್ಬರ ಕೆಲವು ವಾರಗಳ ದುಡಿಮೆ ಉಳಿಯುತ್ತದೆ.

ಒಂಟಿಯಾಗಿ ಹೊರಟರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟಿಷ್ ಅನಿಮೇಟರ್ ನಿಕ್ ಪಾರ್ಕ್‌ಗಿಂತ ದೊಡ್ಡ ಸಾಕ್ಷಿ ಬೇಡ. ಲಂಡನ್ ಸಮೀಪದ ಬೀಕನ್ಸ್‌ಫೀಲ್ಡ್‌ನಲ್ಲಿರುವ ನ್ಯಾಷನಲ್ ಫಿಲ್ಮ್ ಆ್ಯಂಡ್ ಟೆಲಿವಿಷನ್ ಸ್ಕೂಲ್‌ನಲ್ಲಿ 1980ರ ದಶಕದ ಆರಂಭದಲ್ಲಿ ಅವನು ಒಂದು ಪದವಿ ಚಿತ್ರ ಶುರುಮಾಡಿದ. ಗಿಣ್ಣು ಮುಗಿದುಹೋಯಿತೆಂದು ರಾಕೆಟ್ ಕಟ್ಟಿ ಚಂದ್ರನಿಗೆ ಹೋಗುವ ವಾಲೇಸ್ ಎಂಬ ಮಹಾಶಯ ಮತ್ತು ಅವನ ನಾಯಿ. ಬೊಂಬೆ ಮಾಡಲು ಪ್ಲಾಸ್ಟಿಸಿನ್ ಬೇಕೆಂದು ಹಾರ್ಬಟ್ ಕಂಪನಿಗೆ ಪತ್ರ ಬರೆದ, ಒಂದು ಟನ್ ಬಂತು. ವಾಲೇಸ್‌ಗೆ ದನಿ ಕೊಡಲು ನಟ ಪೀಟರ್ ಸ್ಯಾಲಿಸ್ ಅವರನ್ನು ಕೇಳಿದ. 50 ಪೌಂಡ್ ಕೊಡುವುದಷ್ಟೇ ಅವನ ಶಕ್ತಿ. ಅವರು ಒಪ್ಪಿ ಮಾತು ರೆಕಾರ್ಡ್ ಮಾಡಿ ಹೋದರು, ಚಿತ್ರ ಮುಗಿಯಿತೆಂಬ ಸುದ್ದಿ ಅವರಿಗೆ ತಲುಪಿದ್ದು ಹಲವು ವರ್ಷಗಳ ನಂತರ. 23 ನಿಮಿಷದ ಚಿತ್ರವೆಂದರೆ ಸೆಕೆಂಡಿಗೆ 24ರಂತೆ 33,000ಕ್ಕೂ ಹೆಚ್ಚು ಫ್ರೇಮ್. ಒಂದೊಂದು ಭಂಗಿಯನ್ನು ಎರಡೆರಡು ಫ್ರೇಮ್ ಹಿಡಿದರೂ ಹದಿನಾರು ಸಾವಿರಕ್ಕೂ ಹೆಚ್ಚು ಬಾರಿ ಬೊಂಬೆಯನ್ನು ಕೈಯಲ್ಲಿ ತಿದ್ದಬೇಕು. ಸೆಟ್, ದೀಪ, ಕ್ಯಾಮೆರಾ ಹೆಚ್ಚುಕಡಿಮೆ ಎಲ್ಲದರ ಹಿಂದೆಯೂ ಅವನೇ. 1985ರಲ್ಲಿ ಬ್ರಿಸ್ಟಲ್‌ನ ಆರ್ಡ್‌ಮನ್ ಸ್ಟುಡಿಯೊ ಕೆಲಸ ಕೊಟ್ಟು, ಜೊತೆಗೆ ಈ ಚಿತ್ರ ಮುಗಿಸಲು ಆಸರೆಯನ್ನೂ ಕೊಡದಿದ್ದರೆ ‘ಎ ಗ್ರ್ಯಾಂಡ್ ಡೇ ಔಟ್’ 1989ರಲ್ಲಿ ಹೊರಬರುತ್ತಿತ್ತೆಂದು ನನಗಂತೂ ಅನ್ನಿಸುವುದಿಲ್ಲ.

ಒಂಟಿತನಕ್ಕೂ ತನ್ನ ಲಾಭವಿದೆ ಎನ್ನಿ. ಮೊದಮೊದಲು ಚಿತ್ರೀಕರಿಸಿದ ದೃಶ್ಯವೊಂದರಲ್ಲಿ ನಾಯಿ ಗ್ರೋಮಿಟ್ ಹಲಗೆಯ ಕೆಳಗೆ ಸಿಕ್ಕಿಕೊಂಡಿರುತ್ತದೆ. ಅದರ ಮುಖದ ತನಕ ಪಾರ್ಕ್‌ನ ಕೈ ಸರಿಯಾಗಿ ಹೋಗುತ್ತಿರಲಿಲ್ಲ. ಹುಬ್ಬನ್ನಷ್ಟೇ ಅಲುಗಿಸಿದ. ಅಷ್ಟೇ ಸಾಕೆಂದು ಗೊತ್ತಾಯಿತು, ಗ್ರೋಮಿಟ್ ಮಾತಾಡುವ ಯೋಚನೆ ಬಿದ್ದುಹೋಯಿತು. ಬೊಂಬೆ ಒಬ್ಬನ ಕೈಯಲ್ಲಿ, ತೀರ್ಮಾನ ಇನ್ನೊಬ್ಬನದಾಗಿದ್ದರೆ ಈ ಮೂಕ ನಾಯಿ ಹುಟ್ಟುತ್ತಿತ್ತೋ ಇಲ್ಲವೋ. 1991ರ ಆಸ್ಕರ್ ಪಟ್ಟಿಯಲ್ಲಿ ಆ ಚಿತ್ರದ ಮುಂದೆ ಒಂದೇ ಹೆಸರು. ಅದು ಸೋತದ್ದೂ ಪಾರ್ಕ್‌ನದೇ ಇನ್ನೊಂದು ಚಿತ್ರ ‘ಕ್ರಿಯೇಚರ್ ಕಂಫರ್ಟ್ಸ್’ ಎದುರು.

ಅದೇ ಶಾಲೆಯಿಂದ 2013ರಲ್ಲಿ ‘ಹೆಡ್ ಓವರ್ ಹೀಲ್ಸ್’ ನಾಮನಿರ್ದೇಶನಗೊಂಡಿತು. ಒಂದೇ ಮನೆಯಲ್ಲಿ ಗಂಡನಿಗೆ ನೆಲವಾದದ್ದು ಹೆಂಡತಿಗೆ ಸೂರು, ಹಾಗೆ ಬದುಕುವ ಮುದಿ ದಂಪತಿಯ ಕತೆ. ಈ ಸಲ ಎರಡು ಹೆಸರು: ನಿರ್ದೇಶಕ ಟಿಮೊತಿ ರೆಕಾರ್ಟ್ ಮತ್ತು ನಿರ್ಮಾಪಕಿ ಫೋಲಾ ಕ್ರೋನಿನ್ ಓ’ರೈಲಿ. 2015ರಲ್ಲಿ ‘ದ ಬಿಗರ್ ಪಿಕ್ಚರ್’. ಮುಪ್ಪಿನ ತಾಯಿಯನ್ನು ನೋಡಿಕೊಳ್ಳುವ ಇಬ್ಬರು ಅಣ್ಣತಮ್ಮಂದಿರು. ಆಳೆತ್ತರದ ಪಾತ್ರಗಳನ್ನು ಗೋಡೆಯ ಮೇಲೆ ಬರೆದು, ಕಾಗದದ ಪಲ್ಪಿನಲ್ಲಿ ಮಾಡಿದ ಕೈಗಳು ಗೋಡೆಯಿಂದ ಹೊರಬಂದು ನಿಜವಾದ ವಸ್ತುಗಳನ್ನು ಹಿಡಿಯುವಂತೆ ಮಾಡಿದ ಚಿತ್ರ. ಒಂದು ಚಲನೆಗೆ ಗೋಡೆಯ ಮೇಲಿನ ಮುಖವನ್ನು ಅಳಿಸಿ ಬರೆಯಬೇಕು, ಕೈಯನ್ನೂ ಒಂದಿಷ್ಟು ಸರಿಸಬೇಕು. ಡೇಸಿ ಜೇಕಬ್ಸ್ ಬರೆದರು, ಅನಿಮೇಟರ್ ಕ್ರಿಸ್ಟೊಫರ್ ವೈಲ್ಡರ್ ಕೈಗಳನ್ನು ನೋಡಿಕೊಂಡರು. ಆಸ್ಕರ್ ಪಟ್ಟಿಯಲ್ಲಿ ಡೇಸಿಯ ಪಕ್ಕ ಇದ್ದದ್ದು ನಿರ್ಮಾಪಕ ಕ್ರಿಸ್ಟೊಫರ್ ಹೀಸ್ ಹೆಸರು.

ಒಂದರಿಂದ ಎರಡಾದದ್ದು ಹೇಗೆ? ಬೀಕನ್ಸ್‌ಫೀಲ್ಡ್ ಶಾಲೆ ಕಲಾ ಶಾಲೆಯಲ್ಲ, ಸಿನಿಮಾ ಶಾಲೆ. ಅಲ್ಲಿ ನಿರ್ಮಾಣ, ಸಂಕಲನ, ಛಾಯಾಗ್ರಹಣ, ಶಬ್ದ, ಸಂಗೀತ ಸಂಯೋಜನೆ ಎಲ್ಲಕ್ಕೂ ಬೇರೆ ಬೇರೆ ಕೋರ್ಸ್‌ಗಳಿವೆ. ಅನಿಮೇಷನ್ ನಿರ್ದೇಶನದ ವಿದ್ಯಾರ್ಥಿಗೆ ಅವರೆಲ್ಲ ಪಕ್ಕದ ಕೊಠಡಿಯಲ್ಲೇ ಸಿಗುತ್ತಾರೆ. ನಿರ್ಮಾಪಕ ಎಂದೊಡನೆ ದುಡ್ಡು ಹಾಕುವ ಧಣಿ ಎಂದುಕೊಳ್ಳಬೇಡಿ. ವಿದ್ಯಾರ್ಥಿ ಚಿತ್ರದಲ್ಲಿ ಅವನು ಮದುವೆ ಮನೆಯ ಉಗ್ರಾಣ ನೋಡಿಕೊಳ್ಳುವವನು. ಯಾವ ಶಾಟ್ ಯಾರ ಬಳಿ ನಿಂತಿದೆ, ಸ್ಟುಡಿಯೊ ಎಷ್ಟು ದಿನ ಸಿಗುತ್ತದೆ, ಬ್ಯಾಕಪ್ ತೆಗೆದಿದ್ದಾರೋ ಇಲ್ಲವೋ, ‘ಫೈನಲ್’ ಎಂದು ಹೆಸರಿಟ್ಟ ನಾಲ್ಕು ಕಡತಗಳಲ್ಲಿ ನಿಜವಾಗಿ ಫೈನಲ್ ಯಾವುದು ಎಂಬುದು ಅವನಿಗೆ ಗೊತ್ತಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ‘ಈ ದೃಶ್ಯ ಬಿಡು, ಸಮಯವಿಲ್ಲ’ ಎಂದು ನಿರ್ದೇಶಕನ ಮುಖಕ್ಕೆ ಹೇಳುವ ಧೈರ್ಯ ಬೇಕು.

2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗ ‘ಲಾ ಸಿನೆಫ್’ನಲ್ಲಿ ಮೂರನೇ ಬಹುಮಾನ ಹಂಚಿಕೊಂಡ ‘ಬನ್ನಿಹುಡ್’ ಕೂಡ ಈ ಶಾಲೆಯ ಅನಿಮೇಷನ್ ಚಿತ್ರವೇ. ನಿರ್ದೇಶಿಸಿದ್ದು ಮೀರತ್‌ನ ಮಾನ್ಸಿ ಮಹೇಶ್ವರಿ. ಅದೇ ಪಟ್ಟಿಯಲ್ಲಿ ಮೊದಲ ಬಹುಮಾನ ಬಂದದ್ದು ನಮ್ಮ ಮೈಸೂರಿನ ಚಿದಾನಂದ ನಾಯ್ಕ ಅವರ ಕನ್ನಡ ಚಿತ್ರಕ್ಕೆ. ಅದು ಅನಿಮೇಷನ್ ಅಲ್ಲ, ಕೋಳಿ ಕದ್ದ ಅಜ್ಜಿಯ ಜನಪದ ಕತೆ. ಆದರೆ ಪುಣೆಯ ಎಫ್‌ಟಿಐಐನಲ್ಲಿ ನಿರ್ದೇಶನ, ಕ್ಯಾಮೆರಾ, ಸಂಕಲನ, ಶಬ್ದ ಎಂಬ ನಾಲ್ಕು ವಿಭಾಗಗಳ ವಿದ್ಯಾರ್ಥಿಗಳು ಸೇರಿ ಮಾಡಿದ್ದು. ಸಿನಿಮಾ ಶಾಲೆಗೆ ಈ ವಿಂಗಡಣೆ ಸಹಜ. ಅಹಮದಾಬಾದಿನ ಎನ್‌ಐಡಿಯಂಥ ವಿನ್ಯಾಸ ಶಾಲೆಯಲ್ಲಿ ಅನಿಮೇಷನ್ ವಿದ್ಯಾರ್ಥಿಯ ಡಿಪ್ಲೊಮಾ ಯೋಜನೆ ಇಂದಿಗೂ ಅವನೊಬ್ಬನದೇ.

ಬೆಂಗಳೂರಿನ ಕತೆ ಇವೆರಡಕ್ಕೂ ಸೇರದು. ಇಲ್ಲಿ ಉದ್ಯಮವೇ ಮೊದಲು ಬಂತು. ಟೆಕ್ನಿಕಲರ್‌ನ ಬೆಂಗಳೂರು ಸ್ಟುಡಿಯೊದಲ್ಲಿ ಹಾಲಿವುಡ್‌ನ ಡ್ರೀಮ್‌ವರ್ಕ್ಸ್‌ಗೆಂದೇ ಮೀಸಲಾದ ಘಟಕವಿತ್ತು, 2011ರ ‘ಪುಸ್ ಇನ್ ಬೂಟ್ಸ್’ನ ಕೆಲಸದಲ್ಲಿ ಅದಕ್ಕೂ ಪಾಲಿತ್ತು. ಅನಿಮೇಷನ್ ಮತ್ತು ಗೇಮಿಂಗ್‌ಗೆಂದು ದೇಶದಲ್ಲೇ ಮೊದಲು ನೀತಿ ತಂದ ರಾಜ್ಯವೂ 2012ರಲ್ಲಿ ಕರ್ನಾಟಕವೇ. ಹೀಗಾಗಿ ನಮ್ಮ ಹುಡುಗ ಹುಡುಗಿಯರು ಕಲಿಯುವುದು ಹುದ್ದೆಯನ್ನು: ಒಬ್ಬ ರೋಟೋಸ್ಕೋಪಿಂಗ್, ಒಬ್ಬಳು ಲೈಟಿಂಗ್, ಇನ್ನೊಬ್ಬ ಕಾಂಪೋಸಿಟಿಂಗ್. ಕೋರ್ಸ್ ಮುಗಿಯುವಾಗ ಕೈಯಲ್ಲಿ ಮಾಡಿದ ಕೆಲಸದ ತುಣುಕುಗಳ ಒಂದು ಶೋರೀಲ್ ಇರುತ್ತದೆ, ಚಿತ್ರ ಇರುವುದಿಲ್ಲ. ಕಲಾ ಶಾಲೆಯವರಿಗೆ ಚಿತ್ರವಿದೆ ತಂಡವಿಲ್ಲ, ಇವರಿಗೆ ಹುದ್ದೆಯಿದೆ ಚಿತ್ರವಿಲ್ಲ. ಸ್ಟುಡಿಯೊಗಳು ಬಾಗಿಲು ಹಾಕಿದರೆ ಶೋರೀಲ್ ಹಿಡಿದುಕೊಂಡು ಮುಂದಿನ ಬಾಗಿಲಿಗೆ ಹೋಗಬಹುದು. ತಮ್ಮದೇ ಕತೆ ಹೇಳಲು ಮಾತ್ರ ಯಾರೂ ಯಾರ ಜೊತೆಗೂ ಕೆಲಸ ಮಾಡಿರುವುದಿಲ್ಲ.

ಇದಕ್ಕೆ ಹೊಸ ಸಾಫ್ಟ್‌ವೇರ್ ಬೇಡ, ಹೊಸ ಕಟ್ಟಡವೂ ಬೇಡ. ಅನಿಮೇಷನ್ ಕಲಿಸುವ ನಮ್ಮ ಕಾಲೇಜುಗಳು ಕೊನೆಯ ವರ್ಷದಲ್ಲಿ ಐದಾರು ಮಂದಿಗೆ ಸೇರಿ ಒಂದೇ ಚಿತ್ರ ಮಾಡಲು ಹೇಳಲಿ, ಅದರಲ್ಲಿ ಒಬ್ಬರನ್ನು ನಿರ್ಮಾಪಕ ಎಂದೇ ನೇಮಿಸಲಿ, ಆ ಕೆಲಸಕ್ಕೂ ಅನಿಮೇಟರ್‌ಗೆ ಕೊಡುವಷ್ಟೇ ಅಂಕ ಕೊಡಲಿ.