ಜಿಪಿಎಸ್ ಬಂದ ಮೇಲೆ ದೀಪಸ್ತಂಭ ಬರೀ ಸೆಲ್ಫಿ ಜಾಗ ಎಂಬುದು ನಿಜವೇ?

ಸೇಡಂ, ಚಿತ್ತಾಪುರ, ವಾಡಿ ಕಡೆಯ ನಮಗೆ ಸಮುದ್ರ ನೂರಾರು ಕಿಲೋಮೀಟರ್ ದೂರ. ಕರಾವಳಿಗೆ ಪ್ರವಾಸ ಹೋದವರು ದೀಪಸ್ತಂಭದ ಫೋಟೊ ಹಾಕಿದರೆ ಗ್ರೂಪಿನಲ್ಲಿ ಒಬ್ಬರಾದರೂ ಬರೆಯುತ್ತಾರೆ: "ಈಗ ಎಲ್ಲಾ ಹಡಗಿನಲ್ಲೂ ಜಿಪಿಎಸ್ ಇದೆ, ಲೈಟ್‌ಹೌಸ್ ಯಾಕೆ ಬೇಕು?" ಈ ಮಾತು ಅರ್ಧ ಮಾತ್ರ ನಿಜ.

ಹಡಗು ದೀಪದ ಕಡೆಗೇ ಹೋಗುತ್ತದೆಯೇ?

ಇಲ್ಲ. ಕಾರವಾರ ಬಂದರಿನ ಎದುರು ಸಮುದ್ರದಲ್ಲಿ ಬಂಡೆಗಳೂ ದ್ವೀಪಗಳೂ ಇವೆ. ಅವುಗಳಲ್ಲೊಂದಾದ ದೇವಗಡ ದ್ವೀಪದ ಮೇಲೆ ಬ್ರಿಟಿಷರು 1864ರಲ್ಲಿ ದೀಪಸ್ತಂಭ ಕಟ್ಟಿದರು. ನೇರ ದೀಪದತ್ತ ಹೋದ ಹಡಗು ಬಂಡೆಗೇ ಬಡಿಯುತ್ತದೆ. ಬಂದರು ಹತ್ತಿರ ಬಂತು, ಆದರೆ ಇಲ್ಲಿ ಬಂಡೆ ಇದೆ, ದೂರ ಇರಿ ಎಂದು ದೀಪ ಹೇಳುತ್ತದೆ. ಅದು ಯಾವ ದಿಕ್ಕಿನಲ್ಲಿ ಕಾಣುತ್ತಿದೆ ಎಂದು ಅಳೆದು ನಾವಿಕರು ನಕ್ಷೆಯಲ್ಲಿ ತಮ್ಮ ದಾರಿ ಗುರುತಿಸುತ್ತಾರೆ.

ಇದು ಯಾವ ಊರಿನ ದೀಪ ಎಂದು ತಿಳಿಯುವುದು ಹೇಗೆ?

ಮಿನುಗುವ ಲಯದಿಂದ. ಎಷ್ಟು ಸೆಕೆಂಡಿಗೆ ಎಷ್ಟು ಸಲ ಮಿನುಗಬೇಕು ಎಂಬುದು ಪ್ರತಿ ದೀಪಕ್ಕೂ ನಿಗದಿಯಾಗಿದ್ದು, ನಕ್ಷೆಯಲ್ಲಿ ಬರೆದಿರುತ್ತದೆ. ವಾಡಿ ಜಂಕ್ಷನ್ನಿನಲ್ಲಿ ರೈಲು ಚಾಲಕರು ಸಿಗ್ನಲ್ಲಿನ ಬಣ್ಣ ನೋಡುವಂತೆ, ಇಲ್ಲಿ ನಾವಿಕರು ಮಿನುಗು ಎಣಿಸುತ್ತಾರೆ. ಅನೇಕ ದೀಪಸ್ತಂಭಗಳಲ್ಲಿ ಬಲ್ಬು ಆರಿ ಹೊತ್ತುವುದೇ ಇಲ್ಲ. ಸುತ್ತ ತಿರುಗುವ ಮಸೂರದ ಬೆಳಕು ನಮ್ಮ ಕಡೆ ಬಂದಾಗಲೆಲ್ಲ ಮಿನುಗಿದಂತೆ ಕಾಣುತ್ತದೆ. ಬೆಳಕನ್ನು ಒಂದೇ ಕಡೆ ಕೂಡಿಸುವ ಇಂಥ ಮಸೂರವನ್ನು ರೂಪಿಸಿದವರು ಫ್ರಾನ್ಸಿನ ಫ್ರೆನೆಲ್. 1823ರಲ್ಲಿ ಅದು ಮೊದಲು ಅಲ್ಲಿನ ಕಾರ್ಡುವಾನ್ ದೀಪಸ್ತಂಭದಲ್ಲಿ ಬೆಳಗಿತು.

ಅಷ್ಟು ಎತ್ತರ ಯಾಕೆ?

ಭೂಮಿ ದುಂಡಗಿರುವುದರಿಂದ. ನೀರಿನಿಂದ 36 ಮೀಟರ್ ಎತ್ತರದ ದೀಪ ನೀರಿನ ಮಟ್ಟದಲ್ಲಿರುವ ಕಣ್ಣಿಗೆ ಸುಮಾರು 21 ಕಿ.ಮೀ. ತನಕ ಕಾಣಬಹುದು. 9 ಮೀಟರ್ ಎತ್ತರದ ಡೆಕ್ಕಿನ ಮೇಲೆ ನಿಂತರೆ ಇನ್ನೂ 11 ಕಿ.ಮೀ. ಸೇರುತ್ತದೆ. ಅದಕ್ಕಿಂತ ದೂರದಲ್ಲಿ ಬಲ್ಬು ಎಷ್ಟೇ ದೊಡ್ಡದಿದ್ದರೂ ದೀಪ ಸಮುದ್ರದ ಅಂಚಿನ ಕೆಳಗೇ ಉಳಿಯುತ್ತದೆ.

ಜಿಪಿಎಸ್ ಒಂದೇ ಸಾಲದೇ?

ದೊಡ್ಡ ಹಡಗುಗಳು ಇಂದು ಮೊದಲು ನೋಡುವುದು ಜಿಪಿಎಸ್ ಮತ್ತು ರಾಡಾರ್ ಅನ್ನೇ. ಫಾರ್ವರ್ಡಿನಲ್ಲಿ ಇಷ್ಟು ನಿಜ. ಆದರೆ ಜಿಪಿಎಸ್ ಸಂಕೇತ ಬರುವುದು ಸುಮಾರು 20,000 ಕಿ.ಮೀ. ಮೇಲಿನ ಉಪಗ್ರಹಗಳಿಂದ. ನಮ್ಮನ್ನು ಮುಟ್ಟುವ ಹೊತ್ತಿಗೆ ಅದು ತೀರಾ ದುರ್ಬಲ. ಅದನ್ನು ತಡೆಯಬಹುದು, ನಕಲಿ ಸಂಕೇತವನ್ನೂ ಬಿಡಬಹುದು. 2017ರ ಜೂನ್‌ನಲ್ಲಿ ಕಪ್ಪು ಸಮುದ್ರದ ನೊವೊರೊಸಿಸ್ಕ್ ಬಂದರಿನ ಬಳಿ ನೀರಿನಲ್ಲೇ ಇದ್ದ ಸುಮಾರು 20 ಹಡಗುಗಳನ್ನು ಜಿಪಿಎಸ್ ನೆಲದ ಮೇಲಿನ ವಿಮಾನ ನಿಲ್ದಾಣದಲ್ಲಿ ತೋರಿಸಿತು! ರಾತ್ರಿ ದಡಕ್ಕೆ ಮರಳುವ ಸಣ್ಣ ದೋಣಿಯ ಮೀನುಗಾರನ ಮೊಬೈಲ್ ಚಾರ್ಜ್ ಮುಗಿದರೂ ಅಷ್ಟೇ, ಆಗ ಕಣ್ಣಿಗೆ ಕಾಣುವ ದೀಪವೇ ಗತಿ.

ಒಟ್ಟಿನಲ್ಲಿ

ದೀಪಸ್ತಂಭದ ಕೆಲಸ ಕಡಿಮೆಯಾಗಿದೆ, ಮುಗಿದಿಲ್ಲ. ದೇಶದ ದೀಪಸ್ತಂಭಗಳನ್ನು ನೋಡಿಕೊಳ್ಳಲು ಕೇಂದ್ರ ಸರ್ಕಾರದ ಪ್ರತ್ಯೇಕ ಇಲಾಖೆಯೇ ಇದೆ. 1927ರ ಹಳೆಯ ಕಾನೂನಿನ ಬದಲು 2021ರಲ್ಲಿ ಹೊಸ ಕಾನೂನೂ ಬಂದಿದೆ. ಹಾಗಾಗಿ 1901ರ ಕಾಪು ದೀಪಸ್ತಂಭದ ಮುಂದೆ ಸೆಲ್ಫಿ ಖಂಡಿತ ತೆಗೆದುಕೊಳ್ಳಿ. "ಇನ್ನು ಉಪಯೋಗವಿಲ್ಲ" ಎಂಬ ಸಾಲನ್ನು ಮಾತ್ರ ಮುಂದೆ ಕಳಿಸಬೇಡಿ.