ಮಿನಿ ಟ್ರ್ಯಾಕ್ಟರ್ ಕೊಳ್ಳುವ ಮುಂಚೆ ಒಂದಿಷ್ಟು ಲೆಕ್ಕ



ಹಸು ತೋರಿಸಲು ಬಂದವರು ಈಚೆಗೆ ಇನ್ನೊಂದು ಪ್ರಶ್ನೆಯನ್ನೂ ತರುತ್ತಾರೆ: "ಡಾಕ್ಟ್ರೇ, ಮಿನಿ ಟ್ರ್ಯಾಕ್ಟರ್ ತಗೋಬೇಕು ಅಂತಿದ್ದಾರೆ ಮನೇಲಿ. ಮಹೀಂದ್ರ ಒಳ್ಳೇದೋ, ವಿಎಸ್‌ಟಿಯೋ, ಕುಬೋಟಾನೋ?" ಟ್ರ್ಯಾಕ್ಟರ್ ನಾನು ಓದಿದ ವಿದ್ಯೆಯಲ್ಲ. ಆದರೆ ನಂಜನಗೂಡು, ತಿ. ನರಸೀಪುರ ಕಡೆಯ ಎಷ್ಟೋ ಮನೆಗಳಲ್ಲಿ ಅದರ ಕಂತು ಹೋಗುವುದು ಹಾಲಿನ ಬಟವಾಡೆಯಿಂದ. ಆದ್ದರಿಂದ ಹಸುವಿನ ಪರವಾಗಿ ನಾಲ್ಕು ಮಾತು ಹೇಳುತ್ತೇನೆ.

ಮೊದಲು ದುಡ್ಡಿನ ವಿಚಾರ. 4 ಲಕ್ಷ ರೂಪಾಯಿ ಸಾಲ, ಶೇ. 11 ಬಡ್ಡಿ, 5 ವರ್ಷದ ಅವಧಿ ಎಂದುಕೊಳ್ಳಿ. ತಿಂಗಳ ಕಂತು ಸುಮಾರು 8,700 ರೂಪಾಯಿ. ಲೀಟರಿಗೆ 35 ರೂಪಾಯಿ ಕೈಗೆ ಬರುತ್ತದೆ ಎಂದು ಹಿಡಿದರೆ ಇದು ತಿಂಗಳಿಗೆ 250 ಲೀಟರ್ ಹಾಲು. ದಿನಕ್ಕೆ 8 ಲೀಟರಿಗೂ ಸ್ವಲ್ಪ ಹೆಚ್ಚು. ಹಿಂಡಿ, ಮೇವು, ಔಷಧಿ ಖರ್ಚನ್ನು ಇದರಲ್ಲಿ ಕಳೆದೇ ಇಲ್ಲ. ಅಂದರೆ ಒಂದು ಹಸು ಪೂರ್ತಿ ಟ್ರ್ಯಾಕ್ಟರಿಗೇ ದುಡಿಯಬೇಕು, ಅದರ ಹೊಟ್ಟೆಯನ್ನು ಉಳಿದ ಹಸುಗಳು ತುಂಬಿಸಬೇಕು.

ಕರು ಹಾಕುವ ಮುಂಚೆ ಹಸುವಿಗೆ 2 ತಿಂಗಳು ಹಾಲು ಬಿಡಿಸಬೇಕು. ಕಂತಿಗೆ ಆ ಬಿಡುವು ಇಲ್ಲ. ಕಂತು ತಪ್ಪಬಾರದು ಎಂದು ಮನೆಯಲ್ಲಿ ಮೊದಲು ಕಡಿಮೆಯಾಗುವುದು ಹಿಂಡಿ, ಆಮೇಲೆ ಖನಿಜ ಮಿಶ್ರಣ. ಹಾಗಾದಾಗ ಹಸು ಸಮಯಕ್ಕೆ ಬೆದೆಗೆ ಬರುವುದಿಲ್ಲ, ಗಬ್ಬ ತಡವಾಗುತ್ತದೆ, ಮುಂದಿನ ವರ್ಷದ ಹಾಲೂ ಹೋಗುತ್ತದೆ. ಸಾಲ ಮಾಡಲೇಬೇಕಿದ್ದರೆ, ಕಬ್ಬು ಅಥವಾ ಭತ್ತದ ಹಣ ಬರುವ ಕಾಲಕ್ಕೆ 6 ತಿಂಗಳಿಗೊಮ್ಮೆ ಕಂತು ಕಟ್ಟಲು ಆಗುತ್ತದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ.

ಇನ್ನು ಕೆಲಸ ಎಷ್ಟಿದೆ ನೋಡೋಣ. ಮೇವು ಕತ್ತರಿಸಲಿಕ್ಕೆ ಟ್ರ್ಯಾಕ್ಟರ್ ಬೇಕು ಎನ್ನುವವರಿದ್ದಾರೆ. 4 ಹಸುವಿಗೆ ದಿನಕ್ಕೆ 100 ಕಿಲೋ ಹಸಿರು ಮೇವು ಎಂದರೂ 2 ಎಚ್‌ಪಿ ಕರೆಂಟ್ ಮೋಟಾರಿನ ಮೇವು ಕತ್ತರಿಸುವ ಯಂತ್ರ ಸಾಕು. ಒಂದೆರಡು ಎಕರೆ ಉಳುವುದಷ್ಟೇ ಇದ್ದರೆ ಬಾಡಿಗೆಯೇ ಲೇಸು. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ವಿಚಾರಿಸಿ. ಬಾಳೆ, ಹಿಪ್ಪುನೇರಳೆ, ತೆಂಗಿನ ಸಾಲುಗಳ ನಡುವೆ ಪದೇ ಪದೇ ಕೆಲಸವಿದ್ದು, ಗೊಬ್ಬರ, ಮೇವು ಸಾಗಿಸುವುದೂ ಇದ್ದು, ಮಿಕ್ಕ ದಿನ ಬಾಡಿಗೆಗೆ ಓಡಿಸುವವರೂ ಮನೆಯಲ್ಲಿದ್ದರೆ ಸ್ವಂತದ್ದು ಗಿಟ್ಟುತ್ತದೆ.

ಈಗ ಕಂಪನಿಗೆ ಬರೋಣ. ವಿಎಸ್‌ಟಿ ಬೆಂಗಳೂರಿನದು, ಪವರ್ ಟಿಲ್ಲರ್‌ನಿಂದ ಭತ್ತದ ಗದ್ದೆಗೆ ಹಳೆಯ ಪರಿಚಯ. ಅದರ ಎಂಟಿ 180ಡಿ ಟ್ರ್ಯಾಕ್ಟರ್ 18.5 ಎಚ್‌ಪಿ. ಮಹೀಂದ್ರದ ಯುವರಾಜ್ 215 ಒಂದೇ ಸಿಲಿಂಡರಿನ 15 ಎಚ್‌ಪಿ. ತೋಟದ ಹಗುರ ಕೆಲಸಕ್ಕೆ ಸರಿ. ಅದೇ ಕಂಪನಿಯ ಜೀವೋ 245, ಕುಬೋಟಾದ ನಿಯೋಸ್ಟಾರ್ ಬಿ 2441 ಎರಡೂ 24 ಎಚ್‌ಪಿ, ನಾಲ್ಕೂ ಚಕ್ರಕ್ಕೆ ಎಳೆತವಿರುವಂಥವು. ಕಬಿನಿ ನಾಲೆಯ ಕೆಸರುಗದ್ದೆ ಇರುವವರಿಗೆ ಈ ಎಳೆತ ಬೇಕು. ಬರೀ ಒಣಭೂಮಿ, ತೋಟದವರು ಅದಕ್ಕೆ ಹೆಚ್ಚು ದುಡ್ಡು ಕೊಡಬೇಕಿಲ್ಲ. ಶೋರೂಮಿಗೆ ಹೋಗುವ ಮುಂಚೆ ಟೇಪು ಹಿಡಿದು ನಿಮ್ಮ ಸಾಲುಗಳ ಅಗಲ ಅಳೆದುಕೊಳ್ಳಿ. ಡೆಮೊ ನಿಮ್ಮ ಹೊಲದಲ್ಲೇ ಆಗಲಿ, ಟ್ರೇಲರಿಗೆ ಕೊಟ್ಟಿಗೆ ಗೊಬ್ಬರ ತುಂಬಿಸಿ ಎಳೆಸಿ ನೋಡಿ. ನೀವೇ ಸೀಟಿನ ಮೇಲೆ ಕೂತು ಕಾಲು ಕ್ಲಚ್ಚಿಗೆ ಎಟುಕುತ್ತದೆಯೇ ನೋಡಿ (ಗಂಡಸರು ನಕ್ಕರೆ ನಗಲಿ).

ಇಷ್ಟೆಲ್ಲ ಆದ ಮೇಲೂ ಎರಡರ ನಡುವೆ ಮನಸ್ಸು ತೂಗಾಡುತ್ತಿದ್ದರೆ, ನಿಮ್ಮೂರಿಗೆ ಯಾವುದರ ಮೆಕ್ಯಾನಿಕ್ ಹತ್ತಿರವೋ ಅದನ್ನು ತೆಗೆದುಕೊಳ್ಳಿ. ನಾಲೆಗೆ ನೀರು ಬಿಟ್ಟಾಗ ಎಲ್ಲರ ಗಾಡಿಗೂ ಒಟ್ಟಿಗೇ ಕೆಲಸ, ಒಟ್ಟಿಗೇ ರಿಪೇರಿ. ಆ ಕಂಪನಿಯ ಗಾಡಿ ಇಟ್ಟಿರುವ ಊರಿನವರನ್ನೇ ಕೇಳಿ, ಸಾಮಾನು ಸಿಗಲು ಎಷ್ಟು ದಿನ ಹಿಡಿಯಿತು ಎಂದು.

ಯಾವ ಕಂಪನಿಯದೇ ಆಗಲಿ, ಹಿಂದುಗಡೆ ಯಂತ್ರ ತಿರುಗಿಸುವ ಪಿಟಿಒ ಶಾಫ್ಟಿಗೆ ಮುಚ್ಚಳ ಇರಲೇಬೇಕು. ಅದು ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಸೆರಗಿನ ತುದಿ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಹತ್ತಿರ ಹೋಗುವಾಗ ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಡೆ ಮೇಲೆ ಕಟ್ಟಿ. ಎಂಜಿನ್ ನಿಲ್ಲಿಸದೆ ಕೈ ಹಾಕಬೇಡಿ, ಮಕ್ಕಳನ್ನು ಬಿಡಬೇಡಿ.

ಟ್ರ್ಯಾಕ್ಟರನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಬೇಡಿ. ಇದು ಪೂರ್ತಿ ನನ್ನ ವಿಷಯ. ಹಳೇ ಬ್ಯಾಟರಿಯೊಳಗಿನ ಸೀಸವನ್ನು ಕರುಗಳು ನೆಕ್ಕುತ್ತವೆ. ಕಣ್ಣು ಕಾಣದಂತಾಗಿ, ಹಲ್ಲು ಕಡಿದು, ಸೆಳೆತ ಬಂದು ಬೀಳುತ್ತವೆ. ರೇಡಿಯೇಟರಿಗೆ ಹಾಕುವ ಕೂಲಂಟ್ ಸಿಹಿ, ಅದೂ ವಿಷ. ರಿಪೇರಿ ಮಾಡಿದ ಜಾಗದ ತಂತಿ ತುಂಡು, ಮೊಳೆ ಮೇವಿನಲ್ಲಿ ಸೇರಿದರೆ ಹಸು ನಾಲಿಗೆಯಲ್ಲಿ ಬೇರ್ಪಡಿಸಲಾರದು, ನುಂಗಿಬಿಡುತ್ತದೆ. ಅದು ಎರಡನೇ ಹೊಟ್ಟೆಯಲ್ಲಿ ನಿಂತು ಮುಂದಿನ ಹೃದಯಕ್ಕೆ ಚುಚ್ಚುತ್ತದೆ. ಮೇವು ಬಿಟ್ಟು, ಬೆನ್ನು ಬಾಗಿಸಿ, ಎದೆ ಕೆಳಗೆ ಊತ ಬಂದ ಮೇಲೆ ನಮ್ಮನ್ನು ಕರೆದರೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ.

ಸಹಾಯಧನಕ್ಕೆ ಕೊಳ್ಳುವ ಮುಂಚೆಯೇ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ಅರ್ಜಿ ಹಾಕಿ. ಮೊತ್ತ, ನಿಯಮ ಆಗಾಗ ಬದಲಾಗುತ್ತವೆ. ಫ್ರೂಟ್ಸ್ ನೋಂದಣಿ ಸಂಖ್ಯೆ, ಪಹಣಿ ಬೇಕಾಗುತ್ತದೆ. ಪಹಣಿ ಮಾವನವರ ಹೆಸರಿನಲ್ಲೋ ಯಜಮಾನರ ಹೆಸರಿನಲ್ಲೋ ಇದ್ದರೆ ಅರ್ಜಿಯೂ ಅವರ ಹೆಸರಿಗೇ ಹೋಗುತ್ತದೆ. ಆಗ ಸಾಲದ ಪತ್ರದಲ್ಲಿ ನಿಮ್ಮ ಸಹಿ ಯಾವ ಲೆಕ್ಕಕ್ಕೆ ಎಂದು ಕೇಳಿ ತಿಳಿದುಕೊಂಡೇ ಹಾಕಿ: ಜಾಮೀನಿಗೋ, ಜೊತೆ ಸಾಲಗಾರರೆಂದೋ, ಇಲ್ಲ ಬಟವಾಡೆ ಬರುವ ನಿಮ್ಮ ಖಾತೆಯಿಂದ ಕಂತು ಹಿಡಿಯಲಿಕ್ಕೋ. ಆ ಪತ್ರದ ಒಂದು ಪ್ರತಿ ನಿಮ್ಮ ಹಾಲಿನ ಪಾಸ್‌ಪುಸ್ತಕದ ಜೊತೆಗಿರಲಿ.